ನಮ್ಮ ಊರಿನ ಎರಡು ಗೆರೆಗಳು

ನಾವಿರುವ ಸುಲ್ತಾನ್ ಬತ್ತೇರಿಗೆ ಹಿಂದೆ ಹನ್ನೆರಡು ಬೀದಿ ಎಂಬ ಹೆಸರಿತ್ತು. ವಯನಾಡಿನಲ್ಲಿ ನೆಲೆಸಿದ ಕನ್ನಡ ಜೈನ ಕುಟುಂಬಗಳವರು ಈ ಹೆಸರನ್ನು ಇಂದಿಗೂ ಸ್ವಲ್ಪ ಅಭಿಮಾನದಿಂದಲೇ ಹೇಳಿಕೊಳ್ಳುತ್ತೇವೆ. ಮಲೆಯಾಳದ ನಡುವೆ ಒಂದು ಊರಿನ ಹೆಸರೇ ಕನ್ನಡವಾಗಿತ್ತೆಂಬುದು ಸಣ್ಣ ಸಂಗತಿಯೇನೂ ಅಲ್ಲವಷ್ಟೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಇಲ್ಲಿನ ಕಲ್ಲಿನ ಬಸದಿ ಮದ್ದುಗುಂಡುಗಳ ಉಗ್ರಾಣವಾಯಿತು. ಇಂಗ್ಲಿಷರು ಅದನ್ನು ಸುಲ್ತಾನನ ಬ್ಯಾಟರಿ ಎಂದರು. ಜನರ ನಾಲಗೆಯಲ್ಲಿ ಅದು ಬತ್ತೇರಿಯಾಯಿತು. ಹನ್ನೆರಡು ಬೀದಿಗಳು ಎಲ್ಲಿ ಹೋದವೋ ತೋರಿಸಬಲ್ಲವರು ಈಗ ಯಾರೂ ಇಲ್ಲ. ಬಸದಿ ಮಾತ್ರ ಉಳಿದಿದೆ.

ಈ ಊರಿನ ಮೇಲೆ ಎರಡು ಗೆರೆಗಳು ಬಿದ್ದಿವೆ. ಒಂದು ಬಸದಿಯ ಸುತ್ತಲಿನ ಗೆರೆ. ಇನ್ನೊಂದು ಊರಿಗೆ ಒತ್ತಿಕೊಂಡಿರುವ ಅಭಯಾರಣ್ಯದ ಸುತ್ತ ಎಳೆಯಹೊರಟ ಗೆರೆ. ಕಾಪಾಡಬೇಕಾದ ವಸ್ತುವಿನ ಸುತ್ತ ಸ್ವಲ್ಪ ಜಾಗವನ್ನು ಹಾಗೆಯೇ ಬಿಡಬೇಕು, ಅಲ್ಲಿ ಮನುಷ್ಯನ ಕೈ ಹಗುರವಾಗಿರಬೇಕು ಎಂಬುದೇ ಎರಡರ ತಾತ್ಪರ್ಯ. ಇಂತಹ ಜಾಗಕ್ಕೆ ಇತ್ತೀಚೆಗೆ ಬಫರ್ ವಲಯವೆಂಬ ಹೆಸರು ಎಲ್ಲರ ಬಾಯಲ್ಲೂ ನಿಂತುಬಿಟ್ಟಿದೆ. ಒಂದೇ ಬಗೆಯ ಎರಡು ಗೆರೆಗಳಲ್ಲಿ ಒಂದರ ವಿಷಯದಲ್ಲಿ ನಮಗೆ ಮೂವತ್ತು ವರ್ಷ ಪರಮ ತೃಪ್ತಿಯಿತ್ತು. ಇನ್ನೊಂದರ ವಿಷಯದಲ್ಲಿ ನಾವು ಬೀದಿಗಿಳಿದು ಕೂಗಿದೆವು. ಇದು ಹೇಗಾಯಿತೆಂಬುದನ್ನು ಓದುಗರ ಮುಂದಿಡಬೇಕೆಂದು ಬಹಳ ದಿನಗಳಿಂದ ಯೋಚಿಸುತ್ತಿದ್ದೆವು. ಹೇಳಲು ಹಿಂಜರಿದದ್ದಕ್ಕೆ ಕಾರಣ, ಇದರಲ್ಲಿ ನಮ್ಮ ನಡತೆಯೂ ಒಂದಿಷ್ಟು ಬರುತ್ತದೆ.

ಮೊದಲು ಬಸದಿಯ ಗೆರೆ. ಪ್ರಾಚೀನ ಸ್ಮಾರಕಗಳ ಕಾಯಿದೆ 1958ರದು. ಅದರ ಆಧಾರದ ಮೇಲೆ 1992ರ ಜೂನ್ 16ರಂದು ಹೊರಟ ಪ್ರಕಟಣೆಯಂತೆ ರಾಷ್ಟ್ರೀಯ ಮಹತ್ವದ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ಪ್ರದೇಶ, ಅದರಾಚೆಗೆ 200 ಮೀಟರು ನಿಯಂತ್ರಿತ ಪ್ರದೇಶ. 2010ರಲ್ಲಿ ತಿದ್ದುಪಡಿಯಾಗಿ ಈ ನಿಯಮ ಕಾಯಿದೆಯೊಳಗೇ ಸೇರಿ ಬಿಗಿಯಾಯಿತು. ನಮ್ಮ ಬಸದಿಯೂ ಅಂತಹ ಸ್ಮಾರಕಗಳಲ್ಲಿ ಒಂದು. ಚಿಕ್ಕಂದಿನಲ್ಲಿ ತಂದೆಯವರು ನಮ್ಮನ್ನೂ ಅಣ್ಣನನ್ನೂ ಕೈಹಿಡಿದು ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಕಂಬಗಳ ಮೇಲಿನ ಕೆತ್ತನೆಯನ್ನು ಬೆರಳಿನಿಂದ ಮುಟ್ಟಿಸಿ, “ಇದು ನಮ್ಮವರ ಕೈ” ಎನ್ನುತ್ತಿದ್ದರು. ಹೊರಗೆ ಬಸ್ಸುಗಳ ಗದ್ದಲ, ಒಳಗೆ ಕಾಲಿಟ್ಟರೆ ಕಲ್ಲಿನ ತಂಪು. ಆ ತಂಪಿನ ಸುತ್ತ ಸರ್ಕಾರ ಗೆರೆಯೆಳೆದಾಗ ನಮಗೆ ಸಂತೋಷವಾಗದೆ ಇನ್ನೇನಾದೀತು? ಊರು ಬೆಳೆಯುತ್ತಿತ್ತು, 2015ರಲ್ಲಿ ಪಂಚಾಯಿತಿ ಹೋಗಿ ನಗರಸಭೆಯೂ ಆಯಿತು, ರಸ್ತೆಯ ಎರಡೂ ಬದಿಗೆ ಅಂತಸ್ತಿನ ಮೇಲೆ ಅಂತಸ್ತು ಏರತೊಡಗಿತ್ತು. ಗೆರೆಯಿಲ್ಲದಿದ್ದರೆ ಬಸದಿ ಬಟ್ಟೆಯಂಗಡಿಗಳ ಹಿತ್ತಲಾಗುತ್ತಿತ್ತೆಂದು ಈಗಲೂ ನಂಬಿದ್ದೇವೆ.

ಆ ನೂರು ಮೀಟರಿನೊಳಗೆ ಒಂದು ಹಳೆಯ ಹೆಂಚಿನ ಮನೆಯಿತ್ತು. ಅದರಲ್ಲಿದ್ದವರು ಒಬ್ಬ ದರ್ಜಿ. ಅವರ ತಂದೆ ತಿರುವಿತಾಂಕೂರಿನ ಕಡೆಯಿಂದ ಬೆಟ್ಟ ಹತ್ತಿ ಬಂದವರು. ಊರಿಗೆಲ್ಲ ಅವರು ದರ್ಜಿ ಚೇಟ್ಟ; ಅವರ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ನಾವು ಇದೇ ಊರಿನಲ್ಲಿ ಶಾಲಾ ಅಧ್ಯಾಪಕರಾಗಿದ್ದವರು. ವರ್ಷವರ್ಷವೂ ನಮ್ಮ ಅಂಗಿಗಳನ್ನು ಹೊಲಿದವರು ಅವರೇ. 2014ರಲ್ಲಿ ಚೇಟ್ಟ ಮನೆಯ ಒಂದು ಬದಿಯ ಹೆಂಚನ್ನು ಇಳಿಸಿದರು. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಅವನ್ನು ತೆಗೆದು ತಾರಸಿ ಹಾಕಿ, ಮೇಲೆ ಒಂದು ಕೋಣೆ ಕಟ್ಟಿ, ಹೊಲಿಗೆ ಯಂತ್ರಗಳನ್ನು ಅಲ್ಲಿಗೆ ಸಾಗಿಸುವುದು ಅವರ ಎಣಿಕೆ. ಕಬ್ಬಿಣದ ಸರಳುಗಳು ಮೇಲಕ್ಕೆ ಚಾಚಿದ್ದು ಬಸದಿಯ ಅಂಗಳದಿಂದಲೇ ಕಂಡಿತು. ನಮ್ಮಲ್ಲಿ ನಾಲ್ಕಾರು ಮಂದಿ ಸೇರಿದೆವು. ಅರ್ಜಿ ಬರೆದವರು ನಾವು. ಅಧ್ಯಾಪಕರಲ್ಲವೆ, ಬರೆಯುವ ಕೆಲಸ ತಾನಾಗಿಯೇ ನಮ್ಮ ಪಾಲಿಗೆ ಬಂತು. ಕಾಯಿದೆಯ ಪ್ರತಿಯನ್ನು ತರಿಸಿ, ಕಲಮುಗಳನ್ನು ಗುರುತಿಸಿ, ಮೂರು ಪುಟಗಳ ಅರ್ಜಿಯನ್ನು ಸಿದ್ಧಮಾಡಿದೆವು. ಕೆಲಸ ನಿಂತಿತು.

ನಿಲ್ಲಬೇಕಾದದ್ದೇ. ನಿಷೇಧಿತ ಪ್ರದೇಶದಲ್ಲಿ ಮೇಲಂತಸ್ತು ಕೂಡದು. ಆದರೆ ಅದೇ ಕಾಯಿದೆಯಲ್ಲಿ ಇನ್ನೊಂದು ಕಲಮು ಇದೆ. 1992ರ ಜೂನ್ 16ಕ್ಕಿಂತ ಮೊದಲೇ ಇದ್ದ ಕಟ್ಟಡದ ಒಡೆಯನು ಅದನ್ನು ದುರಸ್ತಿ ಮಾಡಿಸಿಕೊಳ್ಳಲು ಅನುಮತಿ ಕೇಳಬಹುದು. ಮೇಲೆ ಕೋಣೆ ಕಟ್ಟಲಾಗದಿದ್ದರೂ ಗೆದ್ದಲು ತಿಂದ ಮಾಡನ್ನು ಸರಿಪಡಿಸಿಕೊಳ್ಳಲು ದಾರಿಯಿತ್ತು. ಆ ಕಲಮನ್ನು ನಾವು ಓದಿದ್ದೆವು. ಚೇಟ್ಟನಿಗೆ ಇಂಗ್ಲಿಷ್ ಬಾರದು. ಅವರು ತೆಗೆದ ಹೆಂಚನ್ನು ಮತ್ತೆ ಹಾಕಲೂ ಹೆದರಿ, ಮಾಡಿನ ಮೇಲೆ ನೀಲಿ ಟಾರ್ಪಾಲು ಹೊದಿಸಿ, ನಾಲ್ಕು ಮೂಲೆಗಳಿಗೆ ಕಲ್ಲು ಕಟ್ಟಿದರು. ದಾರಿಯಲ್ಲಿ ಸಿಕ್ಕಾಗ ಮೊದಲಿನಂತೆಯೇ ನಮಸ್ಕಾರ ಹೇಳುತ್ತಿದ್ದರು. ನಾವೂ ಹೇಳುತ್ತಿದ್ದೆವು. ಆ ಕಲಮಿನ ಮಾತನ್ನು ಹೇಳಲಿಲ್ಲ. ಏಕೆ ಹೇಳಲಿಲ್ಲವೆಂದರೆ, ಯಾರೂ ಕೇಳಲಿಲ್ಲ. ಇದು ಉತ್ತರವಲ್ಲವೆಂದು ಬಲ್ಲೆವು.

ಇನ್ನು ಎರಡನೆಯ ಗೆರೆ. ವಯನಾಡು ವನ್ಯಜೀವಿ ಅಭಯಾರಣ್ಯ 1973ರಲ್ಲಿ ಘೋಷಿತವಾದದ್ದು, ವಿಸ್ತೀರ್ಣ 344.44 ಚದರ ಕಿಲೋಮೀಟರು. ಅದು ಎರಡು ತುಂಡುಗಳಾಗಿದೆ: ಉತ್ತರದಲ್ಲಿ ತೋಲ್ಪೆಟ್ಟಿ, ದಕ್ಷಿಣದಲ್ಲಿ ಮುತ್ತಂಗ, ಕುರಿಚ್ಯಾಡು ಮತ್ತು ನಮ್ಮ ಬತ್ತೇರಿ. ಆಚೆಗೆ ಕರ್ನಾಟಕದ ಬಂಡೀಪುರ ಮತ್ತು ನಾಗರಹೊಳೆ, ತಮಿಳುನಾಡಿನ ಮುದುಮಲೆ. ಆನೆಗೆ ಈ ಮೂರು ರಾಜ್ಯಗಳು ಒಂದೇ ಮನೆಯ ಮೂರು ಕೋಣೆಗಳು. ಕಾಡಿನ ಅಂಚು ನಮ್ಮ ಪಟ್ಟಣವನ್ನು ಮುಟ್ಟಿಕೊಂಡೇ ಇದೆ. ಮನೆಯ ಹಿತ್ತಲಿನಲ್ಲಿ ಹಲಸು ಹಣ್ಣಾದಾಗ ಆನೆಗಿಂತ ಮೊದಲು ನಾವು ತಿನ್ನಬೇಕೆಂಬುದು ಇಲ್ಲಿನ ಹಳೆಯ ತಮಾಷೆ. ಈಚೆಗೆ ಅದನ್ನು ಹೇಳಿ ನಗುವವರು ಕಡಿಮೆಯಾಗಿದ್ದಾರೆ.

ಈ ಅಂಚಿನಲ್ಲಿ ಅಣ್ಣನ ಪಾಲಿಗೆ ಬಂದ ಮೂವತ್ತು ಸೆಂಟು ಜಾಗವಿದೆ. ಒಂದಿಷ್ಟು ಕಾಫಿ, ಮರಕ್ಕೆ ಹಬ್ಬಿದ ಕರಿಮೆಣಸು, ಮೂಲೆಯಲ್ಲಿ ತಂದೆಯವರು ಕಟ್ಟಿಸಿದ ಎರಡು ಕೋಣೆಗಳ ಮನೆ. ಕರಿಮೆಣಸಿಗೆ ರೋಗ ಬಂದ ಮೇಲೆ ಅದರಿಂದ ಬರುವ ಆದಾಯ ಹೇಳಿಕೊಳ್ಳುವಂತಿರಲಿಲ್ಲ. ಮಗಳನ್ನು ಮೈಸೂರಿನಲ್ಲಿ ನರ್ಸಿಂಗ್ ಓದಿಸಬೇಕು, ಆ ವೇಳೆಗೆ ಜಾಗವನ್ನು ಮಾರಬೇಕು ಎಂದು ಅಣ್ಣ ಮೊದಲೇ ನಿಶ್ಚಯಿಸಿದ್ದರು.

2021ರ ಆರಂಭದಲ್ಲಿ ಕೇಂದ್ರ ಸರ್ಕಾರವು ನಮ್ಮ ಅಭಯಾರಣ್ಯದ ಸುತ್ತ 118.59 ಚದರ ಕಿಲೋಮೀಟರನ್ನು ಪರಿಸರ ಸೂಕ್ಷ್ಮ ವಲಯವೆಂದು ಘೋಷಿಸುವ ಕರಡನ್ನು ಹೊರಡಿಸಿತು. ಆಕ್ಷೇಪಣೆಗೆ 60 ದಿನಗಳ ಅವಧಿ. ರಾಜಪತ್ರವಿದ್ದದ್ದು ಹಿಂದಿ ಮತ್ತು ಇಂಗ್ಲಿಷಿನಲ್ಲಿ. ಮಲೆಯಾಳಿಗಳೇ ಅದನ್ನು ಓದಿಸಿಕೊಳ್ಳಲು ವಕೀಲರನ್ನು ಹುಡುಕುತ್ತಿದ್ದರು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮಲೆಯಾಳ ಎಂದು ಬೆಳೆದ ನಮ್ಮವರ ಪಾಡನ್ನು ಹೇಳುವುದೇ ಬೇಡ. ಆಗ ಪ್ಲಸ್ ಟು ಓದುತ್ತಿದ್ದ ಅಣ್ಣನ ಮಗಳು ಒಂದು ರಾತ್ರಿ ಊಟವಾದ ಮೇಲೆ ಅದನ್ನು ಮೊಬೈಲಿನಲ್ಲಿ ತೆರೆದು, ಒಂದೊಂದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿದಳು. ಅತ್ತಿಗೆ ಅಡಿಗೆಮನೆಯ ಬಾಗಿಲಿಗೆ ಒರಗಿ ನಿಂತು ಕೇಳಿದರು. ನಾವು ನಡುನಡುವೆ ತಿದ್ದುತ್ತಿದ್ದೆವು. ಅದರ ಜೊತೆಗೆ 2011ರ ಫೆಬ್ರವರಿಯಲ್ಲಿ ಕೇಂದ್ರದ ಪರಿಸರ ಸಚಿವಾಲಯವು ಇಂತಹ ವಲಯಗಳಿಗಾಗಿ ಹೊರಡಿಸಿದ್ದ ಮಾರ್ಗಸೂಚಿಯನ್ನೂ ಹುಡುಕಿ ತೆಗೆದಳು. ಅದರಲ್ಲಿ ಮೂರು ಪಟ್ಟಿಗಳು. ಗಣಿಗಾರಿಕೆ, ಮರ ಕೊಯ್ಯುವ ಮಿಲ್ಲು, ಮಾಲಿನ್ಯದ ಕಾರ್ಖಾನೆ ಇವು ನಿಷಿದ್ಧ. ಮರ ಕಡಿಯುವುದು, ಹೋಟೆಲು ಮತ್ತು ರೆಸಾರ್ಟು ಕಟ್ಟುವುದು, ರಸ್ತೆ ಅಗಲಮಾಡುವುದು, ರಾತ್ರಿಯ ವಾಹನ ಸಂಚಾರ ಇವು ನಿಯಂತ್ರಿತ. ಈಗಾಗಲೇ ನಡೆಯುತ್ತಿರುವ ಬೇಸಾಯ ಮತ್ತು ತೋಟಗಾರಿಕೆ, ಮಳೆನೀರಿನ ಸಂಗ್ರಹ ಇವಕ್ಕೆ ಅಡ್ಡಿಯಿಲ್ಲ.

ಓದಿ ಮುಗಿಸಿ ಹುಡುಗಿ, “ಚಿಕ್ಕಪ್ಪ, ಇದರಲ್ಲಿ ನಾವು ಕಾಫಿ ಬೆಳೆಯಬಾರದೆಂದು ಎಲ್ಲಿಯೂ ಇಲ್ಲವಲ್ಲ!” ಎಂದಳು. ನಿಜವಾಗಿಯೂ ಇರಲಿಲ್ಲ. ಆದರೆ ಮರುದಿನ ಪೇಟೆಯಲ್ಲಿ ಕೇಳಿದ ಮಾತೇ ಬೇರೆ. ಹಸು ಕಟ್ಟಬಾರದಂತೆ, ರಾತ್ರಿ ದೀಪ ಹಚ್ಚಬಾರದಂತೆ, ಕೊನೆಗೆ ಎಲ್ಲರನ್ನೂ ಎಬ್ಬಿಸಿ ಕಳುಹಿಸುತ್ತಾರಂತೆ. ಹೀಗೆ ಅಂತೆಕಂತೆಗಳ ಸಂತೆ. ಅದಕ್ಕೆ ಜನರನ್ನು ಮಾತ್ರ ಬೈದು ಫಲವಿಲ್ಲ. ತಮ್ಮ ಭಾಷೆಯಲ್ಲಿ ಯಾರೂ ಬಂದು ತಿಳಿಸದಿದ್ದ ಮೇಲೆ ಖಾಲಿ ಜಾಗವನ್ನು ವದಂತಿ ತುಂಬುತ್ತದೆ. ಈ ಊರಿನವರು ಮೊದಲೇ ಒಮ್ಮೆ ಕೈಸುಟ್ಟುಕೊಂಡವರು. ಬಂಡೀಪುರದ ಮೂಲಕ ಹೋಗುವ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗಿನ 6ರ ವರೆಗೆ ಸಂಚಾರಕ್ಕೆ 2009ರಲ್ಲಿ ತಡೆ ಬಿದ್ದಿತ್ತು. 2019ರಲ್ಲಿ ಹಗಲಿಗೂ ಆ ದಾರಿ ಮುಚ್ಚಬಹುದೆಂಬ ಸುದ್ದಿ ಹಬ್ಬಿ ಬತ್ತೇರಿಯಲ್ಲಿ ಉಪವಾಸ ಸತ್ಯಾಗ್ರಹವೇ ನಡೆಯಿತು. ಗುಂಡ್ಲುಪೇಟೆಯಲ್ಲಿ ನಂಟರಿರುವ ನಮ್ಮಂಥವರಿಗೆ ಆ ದಾರಿ ಎಂದರೆ ಏನೆಂಬುದನ್ನು ಗಡಿಯ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ.

2022ರ ಜೂನ್ 3ರಂದು ಸರ್ವೋಚ್ಚ ನ್ಯಾಯಾಲಯದ ಆದೇಶ ಬಂತು. ದೇಶದ ಪ್ರತಿಯೊಂದು ರಾಷ್ಟ್ರೀಯ ಉದ್ಯಾನ ಮತ್ತು ಅಭಯಾರಣ್ಯಕ್ಕೆ ಗಡಿಯಿಂದ ಕನಿಷ್ಠ ಒಂದು ಕಿಲೋಮೀಟರು ಸೂಕ್ಷ್ಮ ವಲಯವಿರಬೇಕು. ಅದರೊಳಗೆ ಯಾವ ಉದ್ದೇಶಕ್ಕೂ ಹೊಸ ಶಾಶ್ವತ ಕಟ್ಟಡ ಕೂಡದು. ಈ ಆದೇಶ ಬಂದದ್ದು ಗೋದಾವರ್ಮನ್ ತಿರುಮುಲ್ಪಾಡ್ ಮೊಕದ್ದಮೆಯಲ್ಲಿ. ಆ ಮಹನೀಯರು ನಮ್ಮ ನೆರೆಯ ನಿಲಂಬೂರಿನ ಕೋವಿಲಕದವರು. ಗೂಡಲೂರಿನ ಕಾಡು ಕಡಿಯುವುದನ್ನು ಕಂಡು ಸಹಿಸಲಾರದೆ 1995ರಲ್ಲಿ ನ್ಯಾಯಾಲಯದ ಮೆಟ್ಟಿಲೇರಿದವರು. ಅವರು 2016ರಲ್ಲಿ ತೀರಿಕೊಂಡರು, ಮೊಕದ್ದಮೆ ಉಳಿಯಿತು. ಗೂಡಲೂರು ನಮಗೆ ಎಷ್ಟು ದೂರ? ನಮ್ಮ ಪಕ್ಕದ ಕಾಡಿಗಾಗಿ ಹುಟ್ಟಿದ ಮೊಕದ್ದಮೆಯೇ ದೇಶವನ್ನೆಲ್ಲ ಸುತ್ತಿ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿತ್ತು.

ಆ ತಿಂಗಳಲ್ಲಿಯೇ ಎಡರಂಗದವರೂ ಐಕ್ಯರಂಗದವರೂ ಒಬ್ಬರ ಹಿಂದೆ ಒಬ್ಬರು ಹರತಾಳ ಕರೆದರು. ಪಕ್ಷಗಳು ಪೈಪೋಟಿಯಲ್ಲಿ ಬಾಗಿಲು ಹಾಕಿಸುವುದು ಕೇರಳದಲ್ಲಿ ಹೊಸದಲ್ಲ. ಹರತಾಳವೆಂದರೆ ಮೊದಲಿನಿಂದಲೂ ಆಗದ ನಾವು ಆ ಸಲ ಮಾತ್ರ ಮೆರವಣಿಗೆಯಲ್ಲಿ ಹೋದೆವು. ಕಾರಣವಿಷ್ಟೆ: ಆದೇಶದ ಸುದ್ದಿ ಪತ್ರಿಕೆಯಲ್ಲಿ ಬಂದ ವಾರದೊಳಗೆ, ಅಣ್ಣನ ಜಾಗಕ್ಕೆ ಮುಂಗಡ ಕೊಟ್ಟಿದ್ದವರು ಅದನ್ನು ಹಿಂದಕ್ಕೆ ಕೇಳಿದರು. ಮನೆ ಕಟ್ಟಲಾಗದ ಜಾಗ ನಮಗೇಕೆ ಎಂದರು. ಅವರ ಮಾತೂ ಸರಿಯೇ. ಬ್ಯಾಂಕೊಂದರಲ್ಲಿ ಜಾಗದ ಮೇಲೆ ಸಾಲ ಕೇಳಿದರೆ, ಸ್ವಲ್ಪ ಕಾಯಿರಿ, ವಿಷಯ ಇತ್ಯರ್ಥವಾಗಲಿ ಎಂದರು. ಕಾಲೇಜಿನ ಹಣಕ್ಕೆ ದಿನ ಗೊತ್ತಾಗಿತ್ತು. ಅತ್ತಿಗೆ ಒಂದು ಮಾತನ್ನೂ ಆಡದೆ ಕೊರಳಿನ ಎರಡೆಳೆಯ ಸರವನ್ನು ತೆಗೆದು ಅಣ್ಣನ ಕೈಯಲ್ಲಿಟ್ಟರು. ಅದನ್ನು ಗಿರವಿಯಿಟ್ಟು ಬಂದ ಸಂಜೆ ಅಣ್ಣ ನಮ್ಮ ಮುಂದೆ ಕುಳಿತು, “ಆನೆ ಇರಲಿ, ಹುಲಿ ಇರಲಿ, ನಾವು ಯಾವತ್ತಾದರೂ ಬೇಡವೆಂದೆವೇನು? ನಮ್ಮನ್ನು ಒಂದು ಮಾತು ಕೇಳಬಹುದಿತ್ತು” ಎಂದರು.

ಅಣ್ಣನ ಈ ಒಂದು ಮಾತು ನಮ್ಮ ಮನಸ್ಸಿನಲ್ಲಿ ನಾಟಿಕೊಂಡಿತು. ಮೆರವಣಿಗೆಯ ಕೂಗಿನಲ್ಲಿ ಕೇಳಿಸಿದ್ದೂ ಸೋಸಿದರೆ ಇಷ್ಟೇ. ಕಾಡು ಬೇಡವೆಂದವರು ಬಹಳ ಮಂದಿಯಲ್ಲ. ತಮ್ಮ ಅಂಗಳದ ಮೇಲೆ ದೆಹಲಿಯಿಂದ ಗೆರೆಯೆಳೆದವರು ತಮ್ಮ ಮುಖವನ್ನು ನೋಡಲಿಲ್ಲವೆಂಬ ಅಸಮಾಧಾನವೇ ದೊಡ್ಡದು. ಆ ವರ್ಷದ ಜುಲೈಯಲ್ಲಿ ಕೇರಳ ವಿಧಾನಸಭೆ ಜನವಸತಿಯ ಪ್ರದೇಶಗಳನ್ನು ಬಿಡಬೇಕೆಂದು ಸರ್ವಾನುಮತದಿಂದ ನಿರ್ಣಯ ಮಾಡಿತು. ಡಿಸೆಂಬರಿನಲ್ಲಿ, ವಲಯದೊಳಗೆ ಎಷ್ಟು ಕಟ್ಟಡಗಳಿವೆಯೆಂಬುದನ್ನು ಉಪಗ್ರಹದಿಂದ ನೋಡಿ ತಯಾರಿಸಿದ ನಕ್ಷೆಗಳು ಹೊರಬಂದವು. ಅವುಗಳಲ್ಲಿ ಮನೆಗಳು ತಪ್ಪಿಹೋಗಿವೆಯೆಂದು ಊರೂರಿನಲ್ಲಿಯೂ ಕೂಗೆದ್ದಿತು. ಅಣ್ಣನ ಎರಡು ಕೋಣೆಗಳ ಮನೆಯೂ ಅದರಲ್ಲಿರಲಿಲ್ಲ. ಮರದ ನೆರಳಿನಲ್ಲಿರುವ ಮನೆ ಆಕಾಶಕ್ಕೆ ಕಾಣುವುದೆಂತು? ಸ್ಥಳಕ್ಕೇ ಹೋಗಿ ಪರಿಶೀಲಿಸಬೇಕೆಂದು ಕೊನೆಗೆ ಸರ್ಕಾರ ಒಪ್ಪಿ, ಅಲ್ಲಲ್ಲಿ ಸಹಾಯ ಕೇಂದ್ರಗಳನ್ನು ತೆರೆಯಿತು. ವಾರ್ಡಿನ ಯುವಕರು ಮನೆಮನೆಗೂ ಹೋಗಿ ಬರೆದುಕೊಳ್ಳತೊಡಗಿದರು.

ಅಣ್ಣನ ಜಾಗಕ್ಕೆ ಬಂದ ಹುಡುಗ ದರ್ಜಿ ಚೇಟ್ಟನ ಮಗ.

ನಮ್ಮ ಬಳಿಯೇ ಏಳನೆಯ ತರಗತಿಯ ಗಣಿತ ಕಲಿತವನು. “ಮಾಷೇ, ನೀವೂ ಇಲ್ಲೇ ಇದ್ದೀರಾ?” ಎಂದು ಮಲೆಯಾಳದಲ್ಲಿ ಕೇಳಿ, ಚಪ್ಪಲಿಯನ್ನು ಹೊರಗೆ ಬಿಟ್ಟು, ಆ ಸಣ್ಣ ಮನೆಯ ನಾಲ್ಕು ಸುತ್ತೂ ಹೋಗಿ ಚಿತ್ರ ತೆಗೆದ. ಸರ್ವೆ ನಂಬರನ್ನು ಎರಡು ಸಲ ಓದಿಸಿ ಸರಿನೋಡಿದ. ಬೇಲಿಯ ಒಂದು ಮೂಲೆ ಅನುಮಾನವಾದಾಗ ಜಿಗಣೆಯ ಹುಲ್ಲಿನಲ್ಲಿ ಇಳಿದು ಕಲ್ಲನ್ನು ಹುಡುಕಿ ತೋರಿಸಿದ. ಅರ್ಧ ದಿನದ ಕೆಲಸ. ಅತ್ತಿಗೆ ಕೊಟ್ಟ ಕಾಫಿ ಕುಡಿದು, ಹೊರಡುವಾಗ ಅಣ್ಣನಿಗೆ, “ನಕ್ಷೆಯಲ್ಲಿ ಇಲ್ಲದಿದ್ದರೆ ಮನೆ ಇಲ್ಲವೆಂದೇ ಲೆಕ್ಕ. ಈಗ ಇದೆ, ಚಿಂತೆ ಬೇಡ” ಎಂದ. ಅವನು ತುಂಬಿಸಿದ ಕಾಗದವನ್ನು ನಾವು ಓದಿನೋಡಿದೆವು. ಒಡೆಯನ ಹೆಸರು, ಕಟ್ಟಡದ ಬಗೆ, ಉಪಯೋಗ ಎಲ್ಲಕ್ಕೂ ಅಂಕಣಗಳಿದ್ದವು. ಈ ವಲಯ ನಿಮಗೆ ಸಮ್ಮತವೇ ಎಂಬ ಅಂಕಣವೊಂದೇ ಇರಲಿಲ್ಲ. 2014ರಲ್ಲಿ ನಾವು ಬರೆದ ಮೂರು ಪುಟಗಳಲ್ಲಿಯೂ ಅಂತಹ ಪ್ರಶ್ನೆಯಿರಲಿಲ್ಲವೆಂಬುದು ಆಗ ನೆನಪಾಯಿತು. ಹುಡುಗ ಆ ಮಾತನ್ನು ಎತ್ತಲೇ ಇಲ್ಲ. ಎತ್ತಿದ್ದರೆ ನಮಗೆ ಹಗುರವಾಗುತ್ತಿತ್ತು.

ಇದಾದ ಸ್ವಲ್ಪ ದಿನಗಳಿಗೇ, 2023ರ ಜನವರಿಯ ಮೊದಲ ವಾರದಲ್ಲಿ, ಒಂದು ಆನೆ ಪಟ್ಟಣದೊಳಕ್ಕೆ ಬಂತು. ನೀಲಗಿರಿಯ ಪಂದಲೂರಿನ ಕಡೆ ಮನೆಗಳನ್ನು ಒಡೆದು ಅಕ್ಕಿ ತಿನ್ನುತ್ತಿದ್ದ ಒಂದು ಮಖನಾ, ಅಂದರೆ ದಂತವಿಲ್ಲದ ಗಂಡಾನೆ. ತಮಿಳುನಾಡಿನವರು ಅದನ್ನು ಹಿಡಿದು, ಕೊರಳಿಗೆ ರೇಡಿಯೋ ಪಟ್ಟಿ ಕಟ್ಟಿ, ಮುದುಮಲೆಯ ಕಾಡಿನಲ್ಲಿ ಬಿಟ್ಟಿದ್ದರು. ಅದು ನಡೆದು ನಡೆದು ಕತ್ತಲಿನಲ್ಲಿ ಬತ್ತೇರಿಯ ಮುಖ್ಯ ರಸ್ತೆಗೆ ಬಂದು, ಕಾಲುದಾರಿಯಲ್ಲಿ ಹೋಗುತ್ತಿದ್ದವರೊಬ್ಬರನ್ನು ಸೊಂಡಿಲಿನಿಂದ ಹಿಡಿದು ಎಸೆಯಿತು. ಪುಣ್ಯಕ್ಕೆ ಜೀವ ಉಳಿಯಿತು. ಮೂರು ನಾಲ್ಕು ದಿನ ಊರಿನಲ್ಲಿ ಯಾರಿಗೂ ನಿದ್ದೆಯಿಲ್ಲ. ಆಮೇಲೆ ಮದ್ದಿನ ಸೂಜಿ ಹೊಡೆದು ಅದನ್ನು ಕೆಡವಿ ಮುತ್ತಂಗದ ಆನೆಶಿಬಿರಕ್ಕೆ ಸಾಗಿಸಿದರು.

ಬಫರ್ ಬೇಡವೆಂಬ ಬರಹಗಳು ಗೋಡೆಗಳ ಮೇಲೆ ಇನ್ನೂ ಹಸಿಯಾಗಿಯೇ ಇದ್ದವು. ಆನೆ ಆ ಗೋಡೆಗಳ ಪಕ್ಕದಲ್ಲಿಯೇ ನಡೆದುಹೋಯಿತು. ಇದನ್ನು ಕಂಡು ಒಬ್ಬರು, ನೋಡಿದಿರಾ, ಕಾಡು ಊರಿನೊಳಕ್ಕೇ ಬರುತ್ತಿದೆ, ಇನ್ನೂ ಒಂದು ಕಿಲೋಮೀಟರು ಕೊಡಬೇಕೇ ಎಂದರು. ಇನ್ನೊಬ್ಬರು, ಊರು ಕಾಡಿನ ಹೊಸ್ತಿಲಿಗೆ ಹೋಗಿ ಕುಳಿತದ್ದರಿಂದಲೇ ಹೀಗಾಯಿತು, ನಡುವೆ ಒಂದಿಷ್ಟು ತೆರಪು ಇದ್ದಿದ್ದರೆ ಆನೆ ಅಲ್ಲಿಯೇ ನಿಲ್ಲುತ್ತಿತ್ತು ಎಂದರು. ಒಂದೇ ಆನೆ, ಇಬ್ಬರಿಗೂ ಸಾಕ್ಷಿ. ನಮ್ಮ ಮಟ್ಟಿಗೆ ಎರಡನೆಯ ಮಾತಿನಲ್ಲಿ ಹೆಚ್ಚು ಸತ್ಯವಿದೆ ಎನಿಸಿತು; ಆದರೆ ಅತ್ತಿಗೆಯ ಬರಿಯ ಕೊರಳನ್ನು ನೋಡಿ ಅದನ್ನು ಮನೆಯಲ್ಲಿ ಗಟ್ಟಿಯಾಗಿ ಹೇಳುವ ಧೈರ್ಯ ಬರಲಿಲ್ಲ.

ಅಭಯಾರಣ್ಯದ ಒಳಗೇ ಇರುವ ಹಾಡಿಯೊಂದರಲ್ಲಿ ನಮಗೆ ಪರಿಚಯದ ಒಬ್ಬ ಮುದುಕರಿದ್ದಾರೆ. ಕಾಟ್ಟುನಾಯ್ಕರು, ಅವರ ಮಾತು ನಮ್ಮ ಕನ್ನಡಕ್ಕೆ ಬಹಳ ಹತ್ತಿರ, ನಿಧಾನವಾಗಿ ಆಡಿದರೆ ತಿಳಿಯುತ್ತದೆ. ಜೇನು ತರುವುದಕ್ಕೆ ಬಂದಿದ್ದಾಗ, ಈ ಗೆರೆಯ ವಿಷಯ ನಿಮಗೇನನ್ನಿಸುತ್ತದೆ ಎಂದು ಕೇಳಿದೆವು. ನಕ್ಕುಬಿಟ್ಟರು. “ಕಾಡು ನಿಮ್ಮ ಹತ್ತಿರ ಬಂತು ಅಂತ ನೀವು ಕೂಗಿದಿರಿ. ನಾವು ಒಳಗೇ ಇದ್ದೀವಿ. ನಮಗೆ ಯಾವಾಗ ಗೆರೆ ಬಂತೋ ಅಪ್ಪನಿಗೂ ತಿಳಿಯಲಿಲ್ಲ” ಎಂದರು. ಅವರಿಗಾಗಿ ಯಾವ ರಂಗದವರೂ ಬತ್ತೇರಿಯ ಅಂಗಡಿಗಳ ಬಾಗಿಲು ಹಾಕಿಸಿದ್ದು ನಮಗೆ ನೆನಪಿಲ್ಲ.

ಅದೇ ವರ್ಷ ಬೇಸಿಗೆಯಲ್ಲಿ ನಾವು ಬೆಂಗಳೂರಿಗೆ ತಂಗಿಯ ಮಗನ ಮನೆಗೆ ಹೋದೆವು. ಬನ್ನೇರುಘಟ್ಟದ ಕಡೆ, ಹತ್ತನೆಯ ಮಹಡಿ. ಅಲ್ಲಿಯ ಕಥೆ ನಮ್ಮದರ ತಲೆಕೆಳಗು. ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರು ಸೂಕ್ಷ್ಮ ವಲಯವಿತ್ತು. 2020ರ ಮಾರ್ಚಿನ ಅಂತಿಮ ಪ್ರಕಟಣೆಯಲ್ಲಿ ಅದು 168.84ಕ್ಕೆ ಇಳಿಯಿತು. ಕೆಲವೆಡೆ ಗೆರೆ ಕಾಡಿನಿಂದ ಬರಿಯ 100 ಮೀಟರು ದೂರ. ಇಷ್ಟು ಕಿರಿದಾಯಿತಲ್ಲ ಎಂದು ಅಲ್ಲಿನವರಿಗೆ ಅಸಮಾಧಾನ. ಹುಡುಗನಂತೂ ಕಿಟಕಿಯನ್ನು ತೆರೆದು ಹಸುರನ್ನು ತೋರಿಸಿ, “ಮಾವ, ಇನ್ನೂ ಅಗಲವಾಗಿ ಬಿಡಬೇಕಾಗಿತ್ತು. ಎದುರಿಗೆ ಇನ್ನೊಂದು ಕಟ್ಟಡ ಬಂದರೆ ಇದೆಲ್ಲ ಹೋಯಿತು” ಎಂದು ಹಲುಬಿದ. ಅವನ ಕಾಳಜಿ ಸುಳ್ಳಲ್ಲ. ಆದರೂ ಅವನ ಹತ್ತನೆಯ ಮಹಡಿ ಆಗಲೇ ಮುಗಿದಿತ್ತು. ಕಟ್ಟಿ ಮುಗಿಸಿದವನಿಗೆ ಗೆರೆಯಲ್ಲಿ ತೃಪ್ತಿ, ಕಟ್ಟಬೇಕಾದವನಿಗೆ ಕೋಪ. ನಾವು ಕಿಟಕಿಯ ಬಳಿ ನಿಂತು ಬಸದಿಯ ಅಂಗಳದಲ್ಲಿ ನಿಂತಿದ್ದ ನಮ್ಮನ್ನೇ ಕಂಡೆವು. ಬಸದಿಯ ಸುತ್ತ ನಮಗೆ ಕಟ್ಟಬೇಕಾದದ್ದೇನೂ ಇರಲಿಲ್ಲ. ನಮ್ಮ ಮೂವತ್ತು ವರ್ಷಗಳ ತೃಪ್ತಿಗೆ ಬಾಡಿಗೆ ಕೊಡುತ್ತಿದ್ದವರು ದರ್ಜಿ ಚೇಟ್ಟ.

2023ರ ಏಪ್ರಿಲ್ 26ರಂದು ಸರ್ವೋಚ್ಚ ನ್ಯಾಯಾಲಯ ತನ್ನ ಆದೇಶವನ್ನು ಮಾರ್ಪಡಿಸಿತು. ಕರಡು ಅಥವಾ ಅಂತಿಮ ಪ್ರಕಟಣೆ ಹೊರಟಿರುವ ಕಡೆಗಳಿಗೂ, ರಾಜ್ಯಗಳ ಗಡಿಗೆ ಅಂಟಿಕೊಂಡ ಕಾಡುಗಳಿಗೂ ಆ ಒಂದು ಕಿಲೋಮೀಟರಿನ ಕಟ್ಟು ಅನ್ವಯಿಸದೆಂದು ಹೇಳಿತು. ಗಣಿಗಾರಿಕೆಯ ನಿಷೇಧ ಮಾತ್ರ ಉಳಿಯಿತು. ಬತ್ತೇರಿಯಲ್ಲಿ ಪಟಾಕಿ ಸಿಡಿಸಿದವರೂ ಉಂಟು. ಅಣ್ಣನ ಜಾಗ ಮುಂದಿನ ವರ್ಷ ಮೊದಲಿನ ಬೆಲೆಗಿಂತ ಕಡಿಮೆಗೆ ಮಾರಾಟವಾಯಿತು. ಆನೆಯ ಭಯವೂ ಬೆಲೆಯಲ್ಲಿ ಸೇರಿತ್ತೆಂದು ಅಣ್ಣ ಹೇಳುತ್ತಾರೆ. ಅತ್ತಿಗೆಯ ಸರ ಮನೆಗೆ ಬಂತು. ಹುಡುಗಿಯ ಓದು ನಿಲ್ಲಲಿಲ್ಲ.

ದುರಸ್ತಿಯ ಕಲಮಿನ ಮಾತನ್ನು ಹೇಳಲು ನಮಗೆ ಅಲ್ಲಿಂದ ಮುಂದೆಯೂ ಎರಡು ವರ್ಷ ಹಿಡಿಯಿತು. ಒಂದು ಸಂಜೆ ಚೇಟ್ಟನ ಮನೆಗೆ ಹೋದೆವು. ಅವರಿಗೆ ಈಗ ಕಣ್ಣು ಮಂಜು. ಯಂತ್ರ ಮಗನ ಹೆಂಡತಿಯ ಕೈಯಲ್ಲಿದೆ. ಬೆಂಚಿನ ತುದಿಯಲ್ಲಿ ಕುಳಿತು ಕಾಯಿದೆಯ ಆ ಪುಟವನ್ನು ಮಲೆಯಾಳದಲ್ಲಿ ಓದಿ ಹೇಳಿದೆವು. ಮೇಲೆ ಕೋಣೆಗೆ ಆಸೆಯಿಲ್ಲ, ಆದರೆ ಮಾಡು ಸರಿಮಾಡಿಕೊಳ್ಳಲು ಅನುಮತಿ ಕೇಳಬಹುದು, 1992ರ ಜೂನಿಗಿಂತ ಮೊದಲೇ ಮನೆಯಿತ್ತೆಂದು ತೋರಿಸಬೇಕು ಎಂದೆವು. ಹಳೆಯ ತೆರಿಗೆಯ ರಸೀದಿಗಳಿದ್ದವಲ್ಲವೆ ಎಂದು ಕೇಳಿದರೆ, ಅವೆಲ್ಲ ಸೋರುವ ಮಾಡಿನ ಕೆಳಗೆ ಪೆಟ್ಟಿಗೆಯಲ್ಲಿದ್ದವು, ಮುದ್ದೆಯಾಗಿ ಹೋದವು ಎಂದರು.

ಮನೆಗೆ ಬಂದು ನಮ್ಮ ಟ್ರಂಕನ್ನು ತೆರೆದೆವು. 1987ರಲ್ಲಿ ಏಳನೆಯ ತರಗತಿಯ ಮಕ್ಕಳನ್ನು ಬಸದಿಗೆ ಕರೆದುಕೊಂಡು ಹೋಗಿ ತೆಗೆಸಿದ ಒಂದು ಚಿತ್ರ ಅದರಲ್ಲಿತ್ತು. ಮಕ್ಕಳ ಸಾಲಿನ ಹಿಂದೆ, ಸ್ವಲ್ಪ ಎಡಕ್ಕೆ, ಚೇಟ್ಟನ ಮನೆಯ ಹೆಂಚಿನ ಮಾಡು, ಅದರ ಕೆಳಗೆ ಹೊಲಿಗೆಯಂಗಡಿಯ ಹಲಗೆ, ಅಕ್ಷರಗಳನ್ನು ಓದಬಹುದು. ಹಿಂಬದಿಯಲ್ಲಿ ತಾರೀಖಿನೊಡನೆ ಚಿತ್ರ ತೆಗೆದವರ ಮುದ್ರೆಯೂ ಇದೆ. ಮರುದಿನ ಚೇಟ್ಟನ ಮಗ ಬಂದ. ಚಿತ್ರವನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮೊಬೈಲಿನಲ್ಲಿ ಅದರ ಎರಡೂ ಬದಿಯನ್ನು ತೆಗೆದುಕೊಂಡ.

“ಈ ಚಿತ್ರ ಆಗಲೂ ನಿಮ್ಮ ಹತ್ತಿರ ಇತ್ತಾ, ಮಾಷೇ?” ಎಂದು ಕೇಳಿದ.

ಇತ್ತು ಎಂದೆವು.

ಅರ್ಜಿ ಹೋಗಿ ಮೂರು ವಾರವಾಯಿತು. ಅದರ ಜೊತೆಗೆ ಆ ಚಿತ್ರವನ್ನೂ, ಅದು ನಮ್ಮ ಬಳಿ ಇದ್ದದ್ದೆಂದು ನಮ್ಮ ಸಹಿಯನ್ನೂ ಇಟ್ಟಿದ್ದೇವೆ. ಮಳೆ ಈ ಸಲ ಬೇಗ ಹಿಡಿದಿದೆ. ಕಳೆದ ಭಾನುವಾರ ಹುಡುಗ ಮಾಡು ಹತ್ತಿ ಹಳೆಯ ಟಾರ್ಪಾಲಿನ ಮೇಲೆ ಹೊಸದೊಂದನ್ನು ಹೊದಿಸುತ್ತಿದ್ದ. ಕೆಳಗಿನಿಂದ ಕಲ್ಲುಗಳನ್ನು ಎತ್ತಿ ಕೊಡಲು ಒಬ್ಬರು ಬೇಕಾಗಿತ್ತು, ನಾವು ನಿಂತೆವು.